ಮುಗಿಲಿಗೇರಿದ ಲೆಕ್ಕ, ಮನೆಯಲ್ಲಿರಬೇಕಾದ ಕೀಲಿ

ದೀಪಾವಳಿಯ ಪಾಡ್ಯದಂದು ಹುಬ್ಬಳ್ಳಿಯ ವ್ಯಾಪಾರಸ್ಥರ ಅಂಗಡಿಗಳಲ್ಲಿ ಲಕ್ಷ್ಮೀಪೂಜೆಯ ಜೊತೆಗೆ ಖಾತೆ ಪುಸ್ತಕಗಳ ಪೂಜೆಯೂ ನಡೆಯುವುದು ಬಹುಕಾಲದ ವಾಡಿಕೆ. ಕೆಂಪು ಅರಿವೆಯ ರಟ್ಟು ಹಾಕಿದ ಉದ್ದನೆಯ ಪುಸ್ತಕ, ಅದರ ಮೇಲೆ ಅರಿಷಿಣ ಕುಂಕುಮ, ಒಂದು ವೀಳ್ಯದೆಲೆ, ಒಂದು ಅಡಿಕೆ. ಅಮರಗೋಳದ ಮಾರುಕಟ್ಟೆ ಪ್ರಾಂಗಣದಲ್ಲಿ ಇರುವ ಒಂದು ಅಡತಿ ಅಂಗಡಿಗೆ ನಾವು ಮೂವತ್ತು ವರ್ಷಗಳಿಂದ ಈ ದಿನ ತಪ್ಪದೆ ಹೋಗುತ್ತ ಬಂದಿದ್ದೇವೆ. ಅದರ ಯಜಮಾನರು ಬಾಲ್ಯದಲ್ಲಿ ನಮ್ಮೊಡನೆ ಮಠದ ಪ್ರಸಾದನಿಲಯದಲ್ಲಿ ಒಂದೇ ಪಂಕ್ತಿಯಲ್ಲಿ ಉಂಡು ಓದಿದವರು. ನಾವು ಶಾಸ್ತ್ರದ ಕಡೆಗೆ ಹೋದೆವು. ಅವರು ಹತ್ತಿ, ಮೆಣಸಿನಕಾಯಿ, ಶೇಂಗಾಗಳ ಕಡೆಗೆ ಹೋದರು.

ನಾಲ್ಕು ವರ್ಷಗಳ ಹಿಂದಿನ ಪಾಡ್ಯದಂದು ನಾವು ಹೋದಾಗ ಪುಸ್ತಕವಿರಬೇಕಾದ ಮಣೆಯ ಮೇಲೆ ಒಂದು ಲ್ಯಾಪ್‌ಟಾಪ್ ಇತ್ತು. ಅದಕ್ಕೇ ಕುಂಕುಮವಿಟ್ಟಿದ್ದರು. ನಾವು ಸ್ವಲ್ಪ ತಡೆದು ನಿಂತುದನ್ನು ಕಂಡು ಮಿತ್ರರು ನಕ್ಕರು. "ಇನ್ನ ಪುಸ್ತಕದ ಗೊಡವಿ ಮುಗೀತ್ರಿ ಶಾಸ್ತ್ರಿಗಳ. ಲೆಕ್ಕ ಎಲ್ಲಾ ಮುಗಿಲಾಗ ಇಟ್ಟೀನಿ. ಅಲ್ಲಿ ಇಲಿ ಇಲ್ಲ, ಗೆದ್ದಲ ಇಲ್ಲ" ಎಂದರು. ನಾವೂ ನಕ್ಕು, ಮಂತ್ರಪುಷ್ಪ ಹಾಕಿ, ಪೇಢೆ ತಿಂದು ಬಂದೆವು. ಅಂದು ಕೇಳಬೇಕಾಗಿದ್ದ ಒಂದು ಪ್ರಶ್ನೆಯನ್ನು ನಾವು ಕೇಳಲಿಲ್ಲ. ಅದನ್ನು ಈ ತಿಂಗಳ ಅಂಕಣದಲ್ಲಿ ಓದುಗರ ಮುಂದಿಡಬೇಕಾಗಿದೆ.

ಮಿತ್ರರು ಒಂದು ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಮೂರನೆಯ ವಾರದಲ್ಲಿ ನಾವು ಅವರ ಮನೆಗೆ ಹೋದಾಗ ಅವರ ಧರ್ಮಪತ್ನಿಯವರು ಪಡಸಾಲೆಯಲ್ಲಿ ಆ ಲ್ಯಾಪ್‌ಟಾಪನ್ನು ಎದುರಿಗಿಟ್ಟುಕೊಂಡು ಕುಳಿತಿದ್ದರು. ಅಂಗಡಿಯಿಂದ ಯಾವ ರೈತರಿಗೆ ಎಷ್ಟು ಕೊಡಬೇಕು, ಯಾವ ಖರೀದಿದಾರರಿಂದ ಎಷ್ಟು ಬರಬೇಕು ಎಂಬುದೆಲ್ಲವೂ ಅದರ ಮೂಲಕ ತೆರೆಯುವ ಲೆಕ್ಕದಲ್ಲಿತ್ತು. ಆ ಲೆಕ್ಕವನ್ನು ತೆರೆಯಲು ಬೇಕಾದ ಗುಪ್ತಪದ ಯಜಮಾನರೊಬ್ಬರಿಗೇ ಗೊತ್ತಿತ್ತು. ಗುಪ್ತಪದ ಮರೆತರೆ ಹೊಸದನ್ನು ಪಡೆಯುವ ದಾರಿ ಅವರ ಇಮೇಲಿನಲ್ಲಿತ್ತು. ಆ ಇಮೇಲಿನ ಗುಪ್ತಪದವೂ ಅವರೊಬ್ಬರಿಗೇ ಗೊತ್ತಿತ್ತು. ಪುಣೆಯಿಂದ ಬಂದ ಮಗ ತನಗೆ ತೋಚಿದ ನಾಲ್ಕಾರು ಪದಗಳನ್ನು ಹಾಕಿ ನೋಡಿದ. ತಪ್ಪಿದ ಪ್ರಯತ್ನಗಳು ಹೆಚ್ಚಾದಂತೆ ಯಾರೋ ಕಳ್ಳರು ಬಂದಿದ್ದಾರೆಂದು ಬಗೆದು ಆ ವ್ಯವಸ್ಥೆಯೇ ಬಾಗಿಲು ಹಾಕಿಕೊಂಡಿತು. ಹಳೆಯ ಗುಮಾಸ್ತರನ್ನು ಕಂಪ್ಯೂಟರು ಬಂದ ವರ್ಷವೇ ಗೌರವದಿಂದ ಬೀಳ್ಕೊಟ್ಟಿದ್ದರು. ಆ ತಾಯಿ ನಮ್ಮನ್ನು ನೋಡಿ ಹೇಳಿದ ಮಾತು ಇಷ್ಟೇ: "ಲೆಕ್ಕ ಎಲ್ಲಾ ಮ್ಯಾಲ ಅದಾವ್ರಿ ಅಣ್ಣಾರ. ಕೀಲಿ ಅವರ ಕೂಡನ ಹೋತು."

ಇದನ್ನು ಓದಿ ಕೆಲವರು, "ಅದಕ್ಕೇ ನಾವು ಹಳೆಯ ಪುಸ್ತಕವನ್ನು ಬಿಟ್ಟಿಲ್ಲ" ಎಂದು ಸಮಾಧಾನಪಡಬಹುದು. ಹಾಗೆ ತೀರ್ಪು ಕೊಡುವುದು ಸುಲಭವಾದರೂ ನ್ಯಾಯವಲ್ಲ. ಮೊದಲು ಈ ಹೊಸ ಕಣಜ ಎಂಥದೆಂಬುದನ್ನು ತಿಳಿದುಕೊಳ್ಳೋಣ.

ಕ್ಲೌಡ್ ಎಂದು ಕರೆಯುವ ಈ ಏರ್ಪಾಡಿಗೂ ಆಕಾಶಕ್ಕೂ ಯಾವ ಸಂಬಂಧವೂ ಇಲ್ಲ. ಗಣಕಜಾಲದ ನಕ್ಷೆಯನ್ನು ಬರೆಯುವ ಇಂಜಿನಿಯರರು, ತಮಗೆ ವಿವರ ಬೇಡವಾದ ದೂರದ ಭಾಗವನ್ನು ಒಂದು ಮೋಡದ ಚಿತ್ರ ಬರೆದು ಸೂಚಿಸುತ್ತಿದ್ದರು. ಆ ಚಿತ್ರವೇ ಹೆಸರಾಗಿ ನಿಂತಿತು. ನಿಜಸ್ಥಿತಿಯಲ್ಲಿ ಅದು ನೆಲದ ಮೇಲಿನ ಭದ್ರವಾದ ಕಟ್ಟಡ. ಅಲ್ಲಿ ಸಾಲುಸಾಲಾಗಿ ಸಾವಿರಾರು ಗಣಕಯಂತ್ರಗಳು ಹಗಲಿರುಳು ನಡೆಯುತ್ತಿರುತ್ತವೆ. ಅವುಗಳ ಕಾವು ಇಳಿಸಲು ತಂಪುಗಾಳಿ, ವಿದ್ಯುತ್ತು ಹೋದರೆ ಜನರೇಟರು, ಬಾಗಿಲಿಗೆ ಕಾವಲು. ಆ ಯಂತ್ರಗಳ ಶಕ್ತಿಯನ್ನೂ ಸ್ಥಳವನ್ನೂ ಬೇಕಾದವರಿಗೆ ಬೇಕಾದಷ್ಟು ಬಾಡಿಗೆಗೆ ಕೊಡುತ್ತಾರೆ. ಅಮೆಜಾನ್ ಕಂಪನಿಯು 2006ರಲ್ಲಿ ಇಂಥ ಬಾಡಿಗೆಯನ್ನು ದೊಡ್ಡ ಪ್ರಮಾಣದಲ್ಲಿ ಆರಂಭಿಸಿತು. ಮೈಕ್ರೋಸಾಫ್ಟ್ ಕಂಪನಿಯು 2015ರಲ್ಲಿ ಪುಣೆ, ಚೆನ್ನೈ, ಮುಂಬೈಗಳಲ್ಲಿ ತನ್ನ ಕೇಂದ್ರಗಳನ್ನು ತೆರೆಯಿತು. ಅಮೆಜಾನ್ 2016ರಲ್ಲಿ ಮುಂಬೈಗೂ 2022ರಲ್ಲಿ ಹೈದರಾಬಾದಿಗೂ ಬಂದಿತು. ಭಾರತ ಸರ್ಕಾರ ತನ್ನ ಕಚೇರಿಗಳಿಗಾಗಿ ಕಟ್ಟಿಕೊಂಡ ಇಂಥ ವ್ಯವಸ್ಥೆಗೆ 'ಮೇಘರಾಜ' ಎಂಬ ಸುಂದರವಾದ ಹೆಸರನ್ನಿಟ್ಟಿದೆ.

ಅಮೆರಿಕದ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯು 2011ರಲ್ಲಿ ಇದರ ಲಕ್ಷಣಗಳನ್ನು ಐದಾಗಿ ವಿಂಗಡಿಸಿ ಹೇಳಿತು. ಬೇಕೆಂದಾಗ ಯಾರ ಹಂಗಿಲ್ಲದೆ ತಾನೇ ಪಡೆದುಕೊಳ್ಳುವ ಅನುಕೂಲ, ಜಾಲದ ಮೂಲಕ ಎಲ್ಲಿಂದಲಾದರೂ ಮುಟ್ಟುವ ಅವಕಾಶ, ಒಂದೇ ಸಾಧನಸಮೂಹವನ್ನು ಹಲವರು ಹಂಚಿಕೊಳ್ಳುವುದು, ಅವಶ್ಯಕತೆ ಏರಿದಂತೆ ಏರಿ ಇಳಿದಂತೆ ಇಳಿಯುವ ಗುಣ, ಬಳಸಿದಷ್ಟನ್ನೇ ಅಳೆದು ಹಣ ಪಡೆಯುವುದು: ಇವೇ ಆ ಐದು. ನಮ್ಮ ಓದುಗರಿಗೆ ಇದು ತೀರ ಅಪರಿಚಿತವಾದ ಸಂಗತಿಯಲ್ಲ. ಸುಗ್ಗಿಯಲ್ಲಿ ನೂರು ಚೀಲ ಬಂದಾಗ ಗೋದಾಮಿನಲ್ಲಿ ನೂರು ಚೀಲದ ಜಾಗ ಹಿಡಿದು, ಮಾಲು ಮಾರಿದಂತೆ ಜಾಗ ಬಿಟ್ಟುಕೊಟ್ಟು, ಇಟ್ಟಷ್ಟು ಚೀಲಕ್ಕೆ ಇಟ್ಟಷ್ಟು ದಿನದ ಬಾಡಿಗೆ ಕೊಡುವುದು ನಮ್ಮ ವ್ಯಾಪಾರಸ್ಥರಿಗೆ ತಿಳಿದ ರೀತಿಯೇ ಆಗಿದೆ. ಹುಬ್ಬಳ್ಳಿಯ ರೈಲ್ವೆ ನಿಲ್ದಾಣದ ಕಿಂಡಿಯಲ್ಲಿ ಮುಂಗಡ ಟಿಕೀಟು ಪಡೆದವರೆಲ್ಲರೂ ಮತ್ತೊಂದು ಊರಿನಲ್ಲಿರುವ ಗಣಕದ ಲೆಕ್ಕವನ್ನು ಇಲ್ಲಿಂದಲೇ ಮುಟ್ಟಿದವರು. ಒಂದು ಶಾಖೆಯಲ್ಲಿ ಹಣವಿಟ್ಟು ಇನ್ನೊಂದು ಶಾಖೆಯಲ್ಲಿ ತೆಗೆದವರೂ ಹಾಗೆಯೇ. ಹೆಸರನ್ನು ಕೇಳುವ ಮೊದಲೇ ನಾವು ಆ ರೀತಿಗೆ ಒಗ್ಗಿಕೊಂಡಿದ್ದೆವು.

ಗೋದಾಮಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವುಂಟು. ಗೋದಾಮಿಗೆ ಹೋದ ಚೀಲ ಮನೆಯಲ್ಲಿ ಇರಲಾರದು. ಲೆಕ್ಕವಾದರೋ ಅಲ್ಲಿಯೂ ಇರಬಲ್ಲುದು, ಇಲ್ಲಿಯೂ ಇರಬಲ್ಲುದು, ಮೂರನೆಯ ಕಡೆಗೂ ಇರಬಲ್ಲುದು. ಎಲ್ಲಿಯೂ ಒಂದು ಕಾಳೂ ಕಡಿಮೆಯಾಗದು. ಈ ವ್ಯತ್ಯಾಸವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ನಾವು ಹೇಳುವುದೆಲ್ಲ ಇದನ್ನೇ ಆಧರಿಸಿದೆ.

ನಮ್ಮ ಅವಳಿ ನಗರದ ವ್ಯಾಪಾರಸ್ಥರು ಈ ಕಡೆಗೆ ಹೊರಳಿದ್ದು ಕೇವಲ ಹೊಸತರ ಆಸೆಯಿಂದಲ್ಲ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲೆ ತೆರಿಗೆಯ ಲೆಕ್ಕವೆಲ್ಲ ಜಾಲದ ಮೂಲಕವೇ ಸಲ್ಲಬೇಕಾಯಿತು. ಬಿಲ್ಲನ್ನು ಸರ್ಕಾರದ ಗಣಕದಲ್ಲಿ ನೋಂದಾಯಿಸಿ ಅದರಿಂದ ಸಂಖ್ಯೆ ಪಡೆಯುವ ಪದ್ಧತಿಯು 2020ರ ಅಕ್ಟೋಬರಿನಲ್ಲಿ ₹500 ಕೋಟಿಗೆ ಮೇಲ್ಪಟ್ಟ ವಹಿವಾಟಿನವರಿಗೆ ಆರಂಭವಾಗಿ, ಮೆಟ್ಟಿಲುಮೆಟ್ಟಿಲಾಗಿ ಇಳಿಯುತ್ತ 2023ರ ಆಗಸ್ಟ್ 1ರಿಂದ ₹5 ಕೋಟಿಗೆ ಮೇಲ್ಪಟ್ಟವರನ್ನೂ ಒಳಗೊಂಡಿತು. ಕರ್ನಾಟಕದ ಕೃಷಿ ಮಾರುಕಟ್ಟೆಗಳನ್ನು ಒಂದೇ ಗಣಕವ್ಯವಸ್ಥೆಗೆ ಜೋಡಿಸುವ ಏಕೀಕೃತ ಮಾರುಕಟ್ಟೆಯ ಕಾರ್ಯ 2014ರಲ್ಲಿಯೇ ಮೊದಲಾಗಿತ್ತು. ಮಾಲಿನ ಧಾರಣೆ, ತೆರಿಗೆಯ ಲೆಕ್ಕ, ಬ್ಯಾಂಕಿನ ಹಣ, ಮೂರೂ ಜಾಲದ ಮೇಲೆ ನಡೆಯುವಾಗ ಅಂಗಡಿಯ ಕಿರ್ದಿಯೊಂದೇ ಗಾದಿಯ ಕೆಳಗೆ ಉಳಿಯುವುದು ಕಷ್ಟ.

ನಮ್ಮ ಸಹಕಾರ ಸಂಘಗಳೂ ಅದೇ ದಾರಿಯಲ್ಲಿವೆ. 1905ರಲ್ಲಿ ಅಂದಿನ ಧಾರವಾಡ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಸಂಘವನ್ನು ಸ್ಥಾಪಿಸಿದಾಗ ಅದರ ಆಸ್ತಿಯೆಂದರೆ ಊರವರ ನಂಬಿಕೆ ಮತ್ತು ಲೆಕ್ಕದ ಪುಸ್ತಕ. 2022ರ ಜೂನ್ ತಿಂಗಳಲ್ಲಿ ಕೇಂದ್ರ ಸರ್ಕಾರವು ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಲೆಕ್ಕವನ್ನು ಒಂದೇ ರಾಷ್ಟ್ರೀಯ ತಂತ್ರಾಂಶದ ಮೇಲೆ, ಇದೇ ಕ್ಲೌಡ್ ರೀತಿಯಲ್ಲಿ, ನಡೆಸುವ ₹2,516 ಕೋಟಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಹಳ್ಳಿಯ ಸಂಘದ ಕಾರ್ಯದರ್ಶಿ ಬರೆದ ಸಾಲದ ಲೆಕ್ಕವನ್ನು ಜಿಲ್ಲಾ ಬ್ಯಾಂಕು ಅಂದೇ ನೋಡಬಲ್ಲದು. ಬರೆದುದನ್ನು ತಿದ್ದಿ ಮುಚ್ಚುವುದು ಕಠಿಣವಾಗುತ್ತದೆ. ಬಡ ರೈತನ ದೃಷ್ಟಿಯಿಂದ ಇದು ಸಣ್ಣ ಲಾಭವಲ್ಲ.

ಕಾಗದದ ಪುಸ್ತಕವೇ ಅಮರವೆಂಬ ಭ್ರಮೆಯೂ ನಮಗಿಲ್ಲ. 2019ರ ಆಗಸ್ಟ್ ತಿಂಗಳಲ್ಲಿ ನವಿಲುತೀರ್ಥದ ಜಲಾಶಯದಿಂದ ಬಿಟ್ಟ ನೀರು ಮಲಪ್ರಭೆಯಲ್ಲಿ ಉಕ್ಕಿ ರಾಮದುರ್ಗಕ್ಕೆ ನುಗ್ಗಿದಾಗ ನಮ್ಮ ಬೀಗರ ಜವಳಿ ಅಂಗಡಿಯಲ್ಲಿ ಎದೆಯ ಮಟ್ಟ ನೀರು ನಿಂತಿತ್ತು. ಅರಿವೆಯನ್ನು ಒಗೆದು ಒಣಗಿಸಿ ಅರ್ಧ ಬೆಲೆಗಾದರೂ ಮಾರಿದರು. ಉದ್ರಿಯ ಪುಸ್ತಕ ಮಾತ್ರ ಮುದ್ದೆಯಾಗಿ ಹೋಯಿತು. ಹನ್ನೊಂದು ವರ್ಷಗಳ ಉದ್ರಿ ಊರವರ ನೆನಪಿನಲ್ಲಿ ಉಳಿದಷ್ಟೇ ಉಳಿಯಿತು. ಅಂದು ಅವರ ಲೆಕ್ಕ ಮುಂಬಯಿಯ ಯಾವುದೋ ಯಂತ್ರದಲ್ಲಿ ಇದ್ದಿದ್ದರೆ ಮಲಪ್ರಭೆಗೆ ಅದನ್ನು ಮುಟ್ಟಲಾಗುತ್ತಿರಲಿಲ್ಲ.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ನಮ್ಮ ದಿವಂಗತ ಮಿತ್ರರ ಅಟ್ಟದ ಮೇಲೆ ಅವರ ಅಜ್ಜನವರ ಕಾಲದ ಖತಾವಣಿಗಳು ಇಂದಿಗೂ ಇವೆ. ಮುಂಬಯಿ ಪ್ರಾಂತದ ಆ ದಿನಗಳಲ್ಲಿ ಮುನೀಮರು ಅವನ್ನು ಮೋಡಿ ಲಿಪಿಯಲ್ಲಿ ಬರೆದಿಟ್ಟಿದ್ದಾರೆ. ಮುನೀಮರು ತೀರಿಕೊಂಡ ಮೇಲೆ ಮನೆಯಲ್ಲಿ ಅದನ್ನು ಓದಬಲ್ಲವರು ಯಾರೂ ಉಳಿಯಲಿಲ್ಲವೆಂದು ಮಿತ್ರರೇ ನಮಗೆ ಹೇಳಿದ್ದರು. ಪುಸ್ತಕ ಕೈಯಲ್ಲಿತ್ತು, ಅಕ್ಷರ ಕಣ್ಣಿಗೆ ಕಾಣುತ್ತಿತ್ತು, ಲೆಕ್ಕ ಮಾತ್ರ ಮುಚ್ಚಿತ್ತು. ಅಜ್ಜನವರ ಕಾಲದಲ್ಲಿ ಮುನೀಮರೊಬ್ಬರು, ಮೊಮ್ಮಗನ ಕಾಲದಲ್ಲಿ ಯಜಮಾನರೊಬ್ಬರು. ಲೆಕ್ಕವಿಡುವ ಸಾಧನ ಬದಲಾಗಿತ್ತು. ಲೆಕ್ಕವನ್ನು ಒಬ್ಬರ ತಲೆಗೇ ಕಟ್ಟಿಹಾಕುವ ರೂಢಿ ಬದಲಾಗಿರಲಿಲ್ಲ. ದೋಷ ಇರುವುದು ಕಾಗದದಲ್ಲಿಯೂ ಅಲ್ಲ, ಮುಗಿಲಿನಲ್ಲಿಯೂ ಅಲ್ಲ, ಈ ರೂಢಿಯಲ್ಲಿ.

ದೊಡ್ಡವರ ಕಣಜವೆಂದ ಮಾತ್ರಕ್ಕೆ ಅದು ಕೆಡುವುದಿಲ್ಲವೆಂದೂ ತಿಳಿಯಬಾರದು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಇಂಥದೊಂದು ಬಾಡಿಗೆ ಕಟ್ಟಡಕ್ಕೆ ಬೆಂಕಿ ಬಿದ್ದು ಪೂರ್ತಿ ನಾಶವಾಯಿತು. ಪ್ರತಿಯನ್ನು ಬೇರೆ ಊರಿನಲ್ಲಿ ಇಟ್ಟಿದ್ದವರು ಮತ್ತೆ ಕೆಲಸ ಮೊದಲು ಮಾಡಿದರು. ಅಲ್ಲಿಯೇ ಇಟ್ಟಿದ್ದವರಲ್ಲಿ ಹಲವರು ಎಲ್ಲವನ್ನೂ ಕಳೆದುಕೊಂಡರು. 2025ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕೊರಿಯದ ಡೇಜಾನ್ ನಗರದ ಸರ್ಕಾರಿ ಗಣಕಕೇಂದ್ರದಲ್ಲಿ ಬೆಂಕಿಯಾಗಿ, ಸರ್ಕಾರಿ ನೌಕರರು ತಮ್ಮ ಕೆಲಸದ ಕಡತಗಳನ್ನಿಡುತ್ತಿದ್ದ ಒಂದು ಭಂಡಾರವೇ ಸುಟ್ಟುಹೋಯಿತು. ಅದಕ್ಕೆ ಎರಡನೆಯ ಪ್ರತಿ ಎಲ್ಲಿಯೂ ಇರಲಿಲ್ಲ.

ಇದಕ್ಕೆ ಎದುರಾದ ಇನ್ನೊಂದು ಉದಾಹರಣೆಯನ್ನು ನೋಡಬೇಕು. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯದ ಯೂನಿಸೂಪರ್ ಎಂಬ ದೊಡ್ಡ ಪಿಂಚಣಿ ನಿಧಿಯ ಗಣಕವ್ಯವಸ್ಥೆ, ಅದನ್ನು ನಡೆಸುತ್ತಿದ್ದ ಗೂಗಲ್ ಕ್ಲೌಡಿನ ಕಡೆಯಿಂದಾದ ಒಂದು ತಪ್ಪಿನಿಂದ ಅಳಿಸಿಹೋಯಿತು. ಐದು ಲಕ್ಷಕ್ಕೂ ಹೆಚ್ಚು ಜನರ ವೃದ್ಧಾಪ್ಯದ ಹಣದ ಲೆಕ್ಕ ಅದು. ಆ ನಿಧಿಯವರು ಮತ್ತೊಂದು ಕಂಪನಿಯ ಬಳಿಯಲ್ಲಿಯೂ ಪ್ರತಿಯನ್ನು ಇಟ್ಟಿದ್ದರು. ಎರಡು ವಾರಗಳೊಳಗೆ ವ್ಯವಸ್ಥೆಯನ್ನು ಮತ್ತೆ ನಿಲ್ಲಿಸಲು ಅದು ನೆರವಾಯಿತು.

ದೂರದ ಮಾತು ಸಾಕು. 2024ರ ಜುಲೈ 31ರಂದು ನಮ್ಮ ದೇಶದ ಸಣ್ಣ ಬ್ಯಾಂಕುಗಳಿಗೆ ಗಣಕಸೇವೆ ಒದಗಿಸುವ ಒಂದು ಸಂಸ್ಥೆಯ ಮೇಲೆ ಒತ್ತೆಹಣ ಕೇಳುವ ದುಷ್ಟ ತಂತ್ರಾಂಶದ ದಾಳಿಯಾಯಿತು. ರೋಗ ಹರಡದಿರಲೆಂದು ಆ ಸಂಸ್ಥೆಯ ಸಂಪರ್ಕವನ್ನು ರಾಷ್ಟ್ರೀಯ ಪಾವತಿ ನಿಗಮವು ಕಡಿದುಹಾಕಬೇಕಾಗಿ ಬಂದು, ಸುಮಾರು 300 ಸಹಕಾರಿ ಹಾಗೂ ಗ್ರಾಮೀಣ ಬ್ಯಾಂಕುಗಳ ಗ್ರಾಹಕರಿಗೆ ಹಣ ರವಾನೆ ನಿಂತುಹೋಯಿತು. ಮರುದಿನ ಸಂಪರ್ಕ ಮರಳಿತು. ಒಂದು ಊರಿನ ಬ್ಯಾಂಕಿನ ತಿಜೋರಿಗೆ ಕನ್ನ ಹಾಕಿದರೆ ಒಂದು ಊರು ಅಳುತ್ತಿತ್ತು. ಮುನ್ನೂರು ತಿಜೋರಿಗಳ ಬಾಗಿಲು ಒಂದೇ ಕಡೆ ಇದ್ದಾಗ ಮುನ್ನೂರೂ ಒಮ್ಮೆಗೇ ಮುಚ್ಚಿದವು. ಅನುಕೂಲ ಒಂದೇ ಕಡೆ ಸೇರಿದಂತೆ ಅಪಾಯವೂ ಒಂದೇ ಕಡೆ ಸೇರುತ್ತದೆ.

ಬಾಲ್ಯದಲ್ಲಿ ನಮಗೆ ಮಠದಲ್ಲಿ ತಾಡವೋಲೆಗಳ ಪ್ರತಿ ಮಾಡುವ ಕೆಲಸವಿತ್ತು. ಓಲೆಗೆ ಎಣ್ಣೆ ಸವರಿ, ಹುಳ ಹಿಡಿದ ಗರಿಯನ್ನು ಬೆಳಕಿಗೆ ಹಿಡಿದು, ಅಕ್ಷರ ಅಕ್ಷರವಾಗಿ ಓದಿ ಕಾಗದಕ್ಕೆ ಇಳಿಸಬೇಕು. ಒಮ್ಮೆ ಬೇಸರದಿಂದ, ಇದೇ ಗ್ರಂಥ ಪಕ್ಕದ ಮಠದಲ್ಲಿಯೂ ಇದೆಯಲ್ಲ, ಮತ್ತೇಕೆ ಬರೆಯಬೇಕೆಂದು ಕೇಳಿದೆವು. "ಅಲ್ಲಿ ಇದೆಯೆಂದು ಇಲ್ಲಿಯವರೂ, ಇಲ್ಲಿ ಇದೆಯೆಂದು ಅಲ್ಲಿಯವರೂ ನಂಬಿ ಕುಳಿತರೆ ಗೆದ್ದಲಿಗೆ ಎರಡೂ ಸಿಗುತ್ತವೆ" ಎಂದು ಗುರುಗಳು ಹೇಳಿದರು. ಧಾರವಾಡದಲ್ಲಿ ಹುಟ್ಟಿದ ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ ವಚನಗಳ ಓಲೆಗಳನ್ನು ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚು ಹಾಕಿಸಲು ಸಾಧ್ಯವಾದುದು, ಆ ವಾಙ್ಮಯ ಒಂದೇ ಭಂಡಾರದಲ್ಲಿರದೆ ಹಲವು ಮನೆಗಳಲ್ಲಿ ಹಲವು ಪ್ರತಿಗಳಾಗಿ ಉಳಿದಿದ್ದರಿಂದ. ಒಂದು ಮನೆಯ ಓಲೆ ಒಲೆಯ ಪಾಲಾದರೆ ಇನ್ನೊಂದು ಮನೆಯದು ಜಗಲಿಯ ಮೇಲೆ ಉಳಿಯಿತು. ಇಂದಿನ ಗಣಕಪಂಡಿತರು ಬ್ಯಾಕಪ್ ಎನ್ನುವುದು ಇದನ್ನೇ.

ಕಂಪನಿಗಳ ಮಟ್ಟಿಗೆ ಕಾನೂನು ಕೂಡ ಇದನ್ನು ಒಪ್ಪಿದೆ. ಗಣಕದಲ್ಲಿ ಲೆಕ್ಕವಿಡುವ ಕಂಪನಿಯು ಅದರ ಪ್ರತಿಯನ್ನು ಭಾರತದ ನೆಲದ ಮೇಲಿರುವ ಯಂತ್ರದಲ್ಲಿ ಪ್ರತಿದಿನವೂ ಇಡಬೇಕೆಂದು 2022ರ ಆಗಸ್ಟಿನಲ್ಲಿ ನಿಯಮವಾಯಿತು. 2023ರ ಏಪ್ರಿಲ್ 1ರಿಂದ, ಬರೆದ ಲೆಕ್ಕವನ್ನು ತಿದ್ದಿದರೆ ಯಾವಾಗ ತಿದ್ದಿದರೆಂಬ ಗುರುತು ಅಳಿಯದೆ ಉಳಿಯುವಂಥ ತಂತ್ರಾಂಶವನ್ನೇ ಕಂಪನಿಗಳು ಬಳಸಬೇಕಾಗಿದೆ. ಕಿರ್ದಿಯಲ್ಲಿ ತಪ್ಪು ಬರೆದರೆ ಕೆರೆದು ಅಳಿಸಬಾರದು, ಅಡ್ಡಗೆರೆ ಎಳೆದು ಪಕ್ಕದಲ್ಲಿ ಬರೆಯಬೇಕು ಎಂಬ ಹಳೆಯ ಗುಮಾಸ್ತರ ಶಿಸ್ತೇ ಇಲ್ಲಿ ನಿಯಮವಾಗಿ ಬಂದಿದೆ. ಸಣ್ಣ ಅಂಗಡಿಗಳಿಗೆ ಈ ಕಂಪನಿ ನಿಯಮಗಳು ಅನ್ವಯಿಸುವುದಿಲ್ಲ. ಆದರೂ ಸರಕು ಮತ್ತು ಸೇವಾ ತೆರಿಗೆಯಲ್ಲಿ ನೋಂದಣಿಯಾದವರು ವಾರ್ಷಿಕ ಲೆಕ್ಕ ಸಲ್ಲಿಸುವ ಗಡುವಿನಿಂದ 72 ತಿಂಗಳವರೆಗೆ ಪುಸ್ತಕಗಳನ್ನು ಕಾಯ್ದಿಡಲೇಬೇಕು. ಬಾಡಿಗೆ ಕೊಡದೆ ಬಿಟ್ಟ ವರ್ಷ ಆ ಪುಸ್ತಕಗಳು ಎಲ್ಲಿರುತ್ತವೆ ಎಂಬುದನ್ನು ಬಾಡಿಗೆ ಹಿಡಿಯುವ ಮೊದಲೇ ಕೇಳಿಕೊಳ್ಳುವುದು ಜಾಣತನ.

ನಮ್ಮ ಮಿತ್ರರ ಮನೆಯ ಸಂಗತಿಗೆ ಮರಳೋಣ. ಲೆಕ್ಕ ತೆರೆಯಲು ತಂತ್ರಾಂಶದವರು ಮರಣಪತ್ರ, ವಾರಸಾಪತ್ರಗಳನ್ನು ಕೇಳಿದರು. ಕೇಳಿದ್ದು ತಪ್ಪಲ್ಲ, ಯಾರೋ ಬಂದು ನಾನೇ ಹೆಂಡತಿ ಎಂದರೆ ಲೆಕ್ಕ ತೆರೆದುಕೊಡುವ ಸಂಸ್ಥೆಯನ್ನು ಯಾರು ನಂಬುತ್ತಾರೆ? ಆದರೆ ಕಾಗದಪತ್ರಗಳೆಲ್ಲ ಕೂಡಿಬರುವಷ್ಟರಲ್ಲಿ ಎರಡೂವರೆ ತಿಂಗಳು ಕಳೆದವು. ರೈತರು ಅಷ್ಟು ದಿನ ಕಾಯಲಾರರು. ನವಲಗುಂದ, ಅಣ್ಣಿಗೇರಿ ಕಡೆಯಿಂದ ಅವರು ಒಬ್ಬೊಬ್ಬರಾಗಿ ಬಂದರು. ಕೈಯಲ್ಲಿ ಅಂಗಡಿಯಿಂದ ಕೊಟ್ಟ ಪಟ್ಟಿ, ಬಾಯಲ್ಲಿ ಸಂಕೋಚದ ಮಾತು. ಆ ತಾಯಿ ತಮ್ಮ ಕೈಯ ಪಾಟಲಿಗಳನ್ನು ಅಡವಿಟ್ಟು, ಪಟ್ಟಿ ತೋರಿಸಿದವರಿಗೆಲ್ಲ ಪಟ್ಟಿಯಲ್ಲಿ ಇದ್ದಷ್ಟು ಕೊಟ್ಟರು. ಮುಂಗಡವಾಗಿ ಎಷ್ಟು ಮುರಿದುಕೊಳ್ಳಬೇಕಿತ್ತೆಂಬುದು ಮುಗಿಲಿನ ಲೆಕ್ಕದಲ್ಲಿತ್ತು, ಅದನ್ನು ಕೇಳುವಂತಿರಲಿಲ್ಲ.

ಕಡೆಗೆ ಲೆಕ್ಕ ತೆರೆದಾಗ ಮೂವರಿಗೆ ಹೆಚ್ಚು ಕೊಟ್ಟಿದ್ದು ಕಂಡಿತು. ಅವರಲ್ಲಿ ಇಬ್ಬರು ತಾವಾಗಿ ಹಿಂದಿರುಗಿಸಿದರು. ಇನ್ನಿಬ್ಬರಿಗೆ ಕೊಡಬೇಕಾದುದನ್ನು ಕೊಟ್ಟೇ ಇರಲಿಲ್ಲ. ಒಬ್ಬನ ಪಟ್ಟಿ ಕಳೆದುಹೋಗಿತ್ತು, ಪಟ್ಟಿಯಿಲ್ಲದೆ ಹೇಗೆ ಕೇಳಲೆಂದು ಅವನು ಬಂದಿರಲಿಲ್ಲ. ಇನ್ನೊಬ್ಬನ ಬಳಿ ಪಟ್ಟಿ ಇತ್ತು. ಅವನನ್ನು ಕರೆಸಿ, ಏಕೆ ಬರಲಿಲ್ಲವೆಂದು ಕೇಳಿದಾಗ, "ಮನಿ ಯಜಮಾನ ಹೋದ ಮನ್ಯಾಗ ರೊಕ್ಕ ಹೆಂಗ ಕೇಳಲಿ ತಾಯಿ" ಎಂದನು. ಅಡತಿ ಅಂಗಡಿಯ ಲೆಕ್ಕವೆಂದರೆ ಯಜಮಾನನ ಸ್ವಂತ ಸೊತ್ತಲ್ಲ. ಅದರ ಒಂದೊಂದು ಸಾಲಿನಲ್ಲಿಯೂ ಬಾಯಿಬಿಟ್ಟು ಕೇಳಲಾರದ ಯಾರದೋ ಬೆವರು ಇರುತ್ತದೆ. ಲೆಕ್ಕ ಮುಚ್ಚಿದರೆ ಮೊದಲು ಕಷ್ಟಕ್ಕೆ ಬೀಳುವವರು ಅವರು. ಈ ಕಾರಣದಿಂದಲೇ ನಾವು ಇದನ್ನು ಯಂತ್ರದ ಮಾತಾಗಿ ಅಲ್ಲ, ಮನೆತನದ ಮಾತಾಗಿ ಬರೆಯುತ್ತಿದ್ದೇವೆ.

ಹಾಗಾದರೆ ಗೃಹಸ್ಥರು ಮಾಡಬೇಕಾದುದು ಏನು? ಬಲ್ಲವರನ್ನು ಕೇಳಿ ನಾವು ತಿಳಿದುಕೊಂಡುದನ್ನು ಸರಳವಾಗಿ ಹೇಳುತ್ತೇವೆ.

ಮೊದಲನೆಯದು, ಲೆಕ್ಕದ ತಂತ್ರಾಂಶಗಳಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಬೇರೆ ಬೇರೆ ಹೆಸರು, ಬೇರೆ ಬೇರೆ ಗುಪ್ತಪದ ಕೊಡುವ ಅವಕಾಶ ಸಾಮಾನ್ಯವಾಗಿ ಇರುತ್ತದೆ. ಯಜಮಾನರಷ್ಟೇ ಅಧಿಕಾರವುಳ್ಳ ಎರಡನೆಯ ಹೆಸರು ಮನೆಯ ಇನ್ನೊಬ್ಬರದಾಗಿರಲಿ. ಒಂದೇ ಗುಪ್ತಪದವನ್ನು ಅಂಗಡಿಯ ಎಲ್ಲರಿಗೂ ಹೇಳಿ ಗೋಡೆಯ ಮೇಲೆ ಬರೆದಿಡುವುದು ಇದರ ಅರ್ಥವಲ್ಲ. ಗುಮಾಸ್ತರಿಗೆ ಬರೆಯುವಷ್ಟು, ಲೆಕ್ಕಪರಿಶೋಧಕರಿಗೆ ನೋಡುವಷ್ಟು, ಮನೆಯವರಿಗೆ ತೆರೆದು ನಡೆಸುವಷ್ಟು ಹಕ್ಕಿರಲಿ.

ಎರಡನೆಯದು, ಇಮೇಲನ್ನು ಮರೆಯಬಾರದು. ಅದು ಎಲ್ಲ ಕೀಲಿಗಳ ಕೀಲಿ. ಖಾತೆಯನ್ನು ಬಹುದಿನ ಬಳಸದಿದ್ದರೆ ಅದರ ವಿಷಯವನ್ನು ಯಾರಿಗೆ ತಿಳಿಸಬೇಕೆಂದು ಮೊದಲೇ ಹೆಸರಿಸುವ ಏರ್ಪಾಡನ್ನು ಗೂಗಲ್ 2013ರಲ್ಲಿಯೇ ಮಾಡಿದೆ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯಲ್ಲಿಯೂ, ಒಬ್ಬನು ತೀರಿಕೊಂಡರೆ ಇಲ್ಲವೆ ಅಶಕ್ತನಾದರೆ ಅವನ ಪರವಾಗಿ ಹಕ್ಕು ಚಲಾಯಿಸುವವರನ್ನು ನಾಮನಿರ್ದೇಶನ ಮಾಡುವ ಅವಕಾಶವನ್ನು ಹೇಳಿದೆ. ಅದು ವ್ಯಕ್ತಿಯ ಸ್ವಂತ ಮಾಹಿತಿಗೆ ಸಂಬಂಧಿಸಿದ ಹಕ್ಕು, ಅಂಗಡಿಯ ಎಲ್ಲ ಲೆಕ್ಕಕ್ಕಲ್ಲ. ಆದರೂ ಬ್ಯಾಂಕಿನಲ್ಲಿ ವಾರಸುದಾರರ ಹೆಸರು ಬರೆಸುವಂತೆ ಇದನ್ನೂ ಬರೆಸುವ ರೂಢಿ ನಮ್ಮ ಮನೆಗಳಿಗೆ ಬರಬೇಕು.

ಮೂರನೆಯದು, ವಾರಕ್ಕೊಮ್ಮೆಯಾದರೂ ಲೆಕ್ಕದ ಪ್ರತಿಯನ್ನು ಇಳಿಸಿಕೊಂಡು ಬೇರೆಯಾದ ಸಾಧನದಲ್ಲಿ ಇಡಬೇಕು, ಅದನ್ನು ಅಂಗಡಿಯಲ್ಲಿ ಅಲ್ಲ, ಮನೆಯಲ್ಲಿ. ಇಳಿಸಿಕೊಂಡ ಪ್ರತಿ ಬೇರೆ ತಂತ್ರಾಂಶದಲ್ಲಿಯೂ ತೆರೆಯುತ್ತದೆಯೇ ಎಂದು ವರ್ಷಕ್ಕೊಮ್ಮೆ ತೆರೆದು ನೋಡಬೇಕು. ತೆರೆಯದ ಪ್ರತಿ ಮೋಡಿ ಲಿಪಿಯ ಖತಾವಣಿ ಇದ್ದಂತೆ. ಇಂದು ಸೋವಿಯಾಗಿ ಕಾಣುವ ಬಾಡಿಗೆ ನಾಳೆ ಏರಿದರೆ, ಗಂಟುಮೂಟೆ ಕಟ್ಟಿಕೊಂಡು ಬೇರೆಡೆಗೆ ಹೋಗಲು ಶಕ್ತರಾಗುವವರು ಇಂಥ ಪ್ರತಿ ಇಟ್ಟುಕೊಂಡವರು ಮಾತ್ರ.

ನಾಲ್ಕನೆಯದು, ತಿಂಗಳ ಕೊನೆಗೆ ಯಾರಿಗೆ ಕೊಡಬೇಕು, ಯಾರಿಂದ ಬರಬೇಕು ಎಂಬ ಎರಡು ಹಾಳೆಗಳನ್ನು ಮಾತ್ರ ಕಾಗದದ ಮೇಲೆ ಮುದ್ರಿಸಿ ಬಂಗಾರ ಇಡುವಲ್ಲಿ ಇಡಬೇಕು. ಜಾಲ ನಿಂತ ದಿನವೂ, ಯಜಮಾನರು ನಿಂತ ದಿನವೂ ವ್ಯವಹಾರ ನಿಲ್ಲದಂತೆ ಅವೆರಡು ಹಾಳೆ ಕಾಯುತ್ತವೆ.

ಕೊನೆಯದು ಎಲ್ಲಕ್ಕಿಂತ ಮುಖ್ಯವಾದುದು. ಲೆಕ್ಕದ ತಿಳಿವಳಿಕೆಯನ್ನು ಮನೆಯೊಳಗೆ ತರಬೇಕು. ನಮ್ಮ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ಓದಿದ್ದಾರೆ, ಪದವಿ ಪಡೆದಿದ್ದಾರೆ. ಅಂಗಡಿಯ ಲೆಕ್ಕ ಮಾತ್ರ ಹೊಸ್ತಿಲು ದಾಟಿ ಒಳಗೆ ಬರುವುದಿಲ್ಲ. ಪುಸ್ತಕ ಅಂಗಡಿಯ ಗಾದಿಯಲ್ಲಿದ್ದಾಗ ಅದಕ್ಕೊಂದು ನೆಪವಿತ್ತು. ಈಗ ಅಮರಗೋಳದ ಲೆಕ್ಕವನ್ನು ಧಾರವಾಡದ ಮನೆಯ ಪಡಸಾಲೆಯಲ್ಲಿ ಕುಳಿತು ನೋಡಬಹುದಾದಾಗ ಆ ನೆಪವೂ ಉಳಿಯಲಿಲ್ಲ. ಈ ಹೊಸ ವ್ಯವಸ್ಥೆಯಿಂದ ನಮ್ಮ ಕುಟುಂಬಗಳಿಗೆ ಆಗಬಹುದಾದ ದೊಡ್ಡ ಉಪಕಾರ ಇದೇ ಎಂದು ನಮ್ಮ ಭಾವನೆ. ರಾತ್ರಿ ಊಟವಾದ ಮೇಲೆ ಹದಿನೈದು ನಿಮಿಷ ಗಂಡಹೆಂಡಿರು ಕೂಡಿ ಅಂದಿನ ಕಿರ್ದಿಯನ್ನು ನೋಡಿದರೆ ಸಾಕು. ಎರಡನೆಯ ಕೀಲಿ ತಾನಾಗಿ ಸಿದ್ಧವಾಗುತ್ತದೆ.

ಈ ವರ್ಷದ ಪಾಡ್ಯಕ್ಕೂ ನಾವು ಆ ಅಂಗಡಿಗೆ ಹೋಗಿದ್ದೆವು. ಲ್ಯಾಪ್‌ಟಾಪ್ ಅದೇ ಮಣೆಯ ಮೇಲಿತ್ತು. ಅಂಗಡಿಯನ್ನು ಈಗ ಆ ತಾಯಿಯವರೇ ನಡೆಸುತ್ತಿದ್ದಾರೆ, ಲೆಕ್ಕ ಈಗಲೂ ಮುಗಿಲಿನಲ್ಲಿಯೇ ಇದೆ. ಅದರ ಪಕ್ಕದಲ್ಲಿ ಕೆಂಪು ರಟ್ಟಿನ ಒಂದು ತೆಳು ಪುಸ್ತಕವೂ ಇತ್ತು. ತಿಂಗಳು ತಿಂಗಳಿನ ಬಾಕಿಯನ್ನು ಅವರು ಅದರಲ್ಲಿ ತಮ್ಮ ಕೈಯಿಂದಲೇ ಬರೆದಿದ್ದರು. ನಾವು ಈ ಸಲ ಪೂಜೆಗೆ ಮೊದಲು, ನಾಲ್ಕು ವರ್ಷಗಳ ಹಿಂದೆ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದೆವು: ಕೀಲಿ ಯಾರ ಯಾರ ಹತ್ತಿರ ಇದೆ? ಅವರು ಮಗನ ಹೆಸರು, ಸೊಸೆಯ ಹೆಸರು ಹೇಳಿದರು. ಪಾಟಲಿಗಳು ಇನ್ನೂ ಬಿಡಿಸಿಕೊಂಡು ಬಂದಿಲ್ಲ. ಬರುವ ಸುಗ್ಗಿಗೆ ಬರುತ್ತವೆ ಎಂದರು. ಆಮೇಲೆ ಎರಡಕ್ಕೂ ಕುಂಕುಮವಿಟ್ಟರು.